ಕಟ್ಟದೆ ಬಿಟ್ಟ ಮರೆಗೋಡೆ

ಮೊನ್ನೆ ಮೊಮ್ಮಗಳು ತನ್ನ ಮರದ ಗಿಲಕಿಯನ್ನು ಒಲೆಯ ಪಕ್ಕದಲ್ಲಿ ಬಿಟ್ಟು ಆಡಲು ಹೋದಳು. ಸ್ವಲ್ಪ ಹೊತ್ತಿಗೆ ಅದರ ಮೇಲಿನ ಕೆಂಪು ಅರಗು ಕರಗಿತು. ಸಿಹಿಯೂ ಸುಟ್ಟಂತೆಯೂ ಇರುವ ವಾಸನೆಯೊಂದು ನಡುಮನೆಯವರೆಗೆ ಬಂತು. ಸೊಸೆ ಗದರುತ್ತಾ ಕಿಟಕಿ ತೆರೆದಳು. ನಾನು ಮಾತ್ರ ಪತ್ರಿಕೆ ಕೆಳಗಿಟ್ಟು ಕುಳಿತೇ ಇದ್ದೆ. ಆ ವಾಸನೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಸಿರಾಡಿದವನು ನಾನು. ಮೊದಲನೆಯ ಜರ್ಮನ್ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಚನ್ನಪಟ್ಟಣದಲ್ಲಿ, ಮೈಸೂರಿನ ಕಾಲೇಜಿನಿಂದ ಹೊಸದಾಗಿ ಹೊರಬಿದ್ದ ಬಿ.ಎ. ಮೇಷ್ಟರಾಗಿದ್ದಾಗ.

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೇ ದಿನಚರಿ ಬರೆಯುವ ಅಭ್ಯಾಸ. ಆ ಸಂಜೆ ಪೆಟ್ಟಿಗೆ ತೆರೆದು ಆ ವರ್ಷದ ಪುಸ್ತಕ ಹುಡುಕಿದೆ. ಅದರ ಜೊತೆಗೇ ನಮ್ಮ ಸೇವಾ ಸಂಘದ ಸಭೆಗಳ ನಡವಳಿಕೆಯ ಕರಡು ಪ್ರತಿಯೂ ಸಿಕ್ಕಿತು. ಅದೂ ನನ್ನ ಕೈಬರಹವೇ. ಎರಡನ್ನೂ ಎದುರಿಗಿಟ್ಟುಕೊಂಡು ಮೂರು ದಿನ ಓದಿದೆ. ಓದಿದ ಮೇಲೆ, ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದ ಒಂದು ಕಥೆ ಕಳಚಿಬಿತ್ತು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಸಂಘವನ್ನು ಕಟ್ಟಿದವರು ಆಸ್ಪತ್ರೆಯ ಡಾಕ್ಟರು. ಊರಿನವರೆಲ್ಲ ಅವರನ್ನು ಡಾಕ್ಟರ್ ರಾಯರು ಎನ್ನುತ್ತಿದ್ದರು. ಒಂದೊಂದು ಪೇಟೆಯೂ ತನ್ನ ಬೀದಿಯನ್ನು ತಾನೇ ಚೊಕ್ಕಟವಾಗಿ ಇಟ್ಟುಕೊಂಡರೆ ತಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಶಾಲೆಯ ಉಪಾಧ್ಯಾಯರು, ಇಬ್ಬರು ವಕೀಲರು, ಕೆಲವು ಅಂಗಡಿಯವರು ಸೇರಿದೆವು. ನನಗೆ ಬರವಣಿಗೆ ಚೆನ್ನಾಗಿದೆಯೆಂದು ಕಾರ್ಯದರ್ಶಿ ಮಾಡಿದರು. ಮೊದಲನೆಯ ಭಾನುವಾರ ಕೋಟು ಪೇಟ ಸಮೇತ ಪೊರಕೆ ಹಿಡಿದು ಸಂತೆ ಬೀದಿಗೆ ಇಳಿದೆವು. ಸೊಪ್ಪು ಮಾರುವ ಹೆಂಗಸೊಬ್ಬಳು ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಅಯ್ಯೋ ಸಿವನೆ, ಓದ್ಕಂಡಿರೋ ಅಯ್ನೋರ್ಗೆ ಕಸ ಗುಡ್ಸೋ ಸಿಕ್ಸೆ ಹಾಕವ್ರಲ್ಲ! ಏನ್ ತಪ್ ಮಾಡಿದ್ರೋ ಪಾಪ!"

"ತಪ್ ಮಾಡಿರೋಳು ನೀನು ಕಣಮ್ಮಿ. ಈ ಸೊಪ್ಪಿನ್ ಕಡ್ಡಿ ಎಲ್ಲಾ ಯಾರ್ದು?" ಎಂದು ಹಿಂದಿನಿಂದ ಒಂದು ದನಿ ಬಂತು. ಅದು ತಿಮ್ಮೇಗೌಡನದು. ಊರಂಚಿನಲ್ಲಿ ಹೊಲ, ತೋಟ ಇದ್ದ ಒಕ್ಕಲು ಮನುಷ್ಯ, ನಲವತ್ತರ ಹತ್ತಿರದ ವಯಸ್ಸು. ಓದು ಬರುತ್ತಿರಲಿಲ್ಲ. ಚರಂಡಿ ತೋಡುತ್ತಿದ್ದ ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡು, "ಹಂಗೆ ಹಿಡ್ಕಂಡ್ರೆ ಚರಂಡಿ ಅಲ್ಲ ಮೇಷ್ಟ್ರೆ, ನಿಮ್ ಕಾಲ್ನೇ ತೋಡ್ಕತೀರಿ. ಒಸಿ ಅತ್ಲಾಗ್ ನಿಂತ್ಕಳಿ" ಎಂದ. ಅಂದಿನಿಂದ ಅವನೂ ನಮ್ಮವನಾದ. ದಿನಚರಿಯಲ್ಲಿ ಇದೆಲ್ಲ ವಿವರವಾಗಿ ಇದೆ. ನಗೆಪಾಟಲಾದದ್ದನ್ನು ಬರೆಯಲು ನಾನು ಎಂದೂ ಹಿಂಜರಿದವನಲ್ಲ.

ಯುಗಾದಿ ಕಳೆದ ಮೇಲೆ ಆಸ್ಪತ್ರೆಯ ಜಗಲಿ ತುಂಬಾ ನಾರುಹುಣ್ಣಿನವರು. ಕಾಲಿನ ಹುಣ್ಣಿನಿಂದ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ಅವಸರಪಟ್ಟರೆ ಹುಳ ತುಂಡಾಗಿ ಕಾಲು ಬಾತು ಕೀವಾಗುತ್ತದೆ. ಡಾಕ್ಟರು ನಮ್ಮನ್ನು ಕರೆದು ತೋರಿಸಿದರು. "ಹುಣ್ಣಿನ ಕಾಲನ್ನು ನೀರಿನಲ್ಲಿ ಇಟ್ಟರೆ ಈ ಹುಳ ಅಲ್ಲಿ ಕಣ್ಣಿಗೆ ಕಾಣದ ಮರಿ ಬಿಡುತ್ತೆ. ಆ ನೀರು ಕುಡಿದವರ ಮೈಯಲ್ಲಿ ಅದು ಬೆಳೆದು ವರ್ಷದ ಮೇಲೆ ಹೊರಗೆ ಬರುತ್ತೆ. ಜನ ಬಾವಿಗೆ ಇಳಿಯೋದು ನಿಲ್ಲಬೇಕು. ಅಷ್ಟೇ ಮದ್ದು."

ಊರಿನಲ್ಲಿ ಜನ ಇಳಿಯುತ್ತಿದ್ದ ದೊಡ್ಡ ಬಾವಿಯೆಂದರೆ ಎರಡು ದಾರಿ ಬಾವಿ. ಪೂರ್ವಕ್ಕೆ ಪೇಟೆ ಬೀದಿಯಿಂದ ನೇರವಾಗಿ ಇಳಿಯುವ ಅಗಲ ಮೆಟ್ಟಿಲು. ಪಶ್ಚಿಮಕ್ಕೆ, ಬೊಂಬೆ ಕಡೆಯುವ ಸಾಬರ ಓಣಿಯ ಹಿತ್ತಿಲುಗಳ ನಡುವಿನಿಂದ ಇನ್ನೊಂದು ಮೆಟ್ಟಿಲು ಸಾಲು. ಅದು ಕಿರಿದು, ಅರ್ಧಕ್ಕೆ ಒಂದು ತಿರುವು. ನಾವು ಯಾರೂ ಆ ಕಡೆಯಿಂದ ಇಳಿದವರಲ್ಲ. ಎರಡು ಕಡೆಯ ಮೆಟ್ಟಿಲನ್ನೂ ಕಿತ್ತು, ಮುಚ್ಚಿ, ಪೇಟೆ ಬೀದಿಯ ಮಟ್ಟಕ್ಕೆ ಸುತ್ತುಕಟ್ಟೆ ಎಬ್ಬಿಸಿ, ರಾಟೆ ಹಾಕಿ ಸೇದುವ ಬಾವಿ ಮಾಡುವುದೆಂದು ತೀರ್ಮಾನಿಸಿದೆವು. ಸುತ್ತಲ ಮನೆಗಳ ಒಪ್ಪಿಗೆ ಬರೆಸಿ ತರುವ ಕೆಲಸ ನನ್ನದು.

ಓಣಿಯ ಗಂಡಸರು ತಕರಾರು ಮಾಡಲಿಲ್ಲ. ಅವರ ಚಹಾ ಕುಡಿದು, ಅವರು ಕಡೆದ ಬುಗುರಿಗಳನ್ನು ಹೊಗಳಿ, ಕಾಗದ ಮುಂದಿಟ್ಟೆ. ಒಬ್ಬ ಮುದುಕ, "ನೀರು ತರೋದು ಹೆಂಗಸ್ರ ಪಾಡು ಮೇಷ್ಟ್ರೆ, ಅವ್ರು ಏನೋ ಮಾಡ್ಕೋತಾರೆ" ಎನ್ನುತ್ತಾ ಉರ್ದುವಿನಲ್ಲಿ ರುಜು ಹಾಕಿದ. ಆ ಮಾತು ನನಗೆ ಆಗ ತಟ್ಟಲೇ ಇಲ್ಲ. ಹೆಂಗಸರನ್ನು ನಾನೂ ಕೇಳಿರಲಿಲ್ಲ.

ಕೊನೆಯ ಮನೆಯಲ್ಲಿ ಗಂಡಸರಿರಲಿಲ್ಲ. ಮೆಹಬೂಬಿ ಎಂಬ ವಿಧವೆ, ಅವಳ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಗಂಡ ಸತ್ತ ಮೇಲೆ ಅವನ ಕೆಲಸವನ್ನು ಅವಳೇ ಮನೆಯೊಳಗೆ ಮಾಡುತ್ತಿದ್ದಳು. ಬಿಲ್ಲಿನ ದಾರದಿಂದ ಮರದ ತುಂಡನ್ನು ತಿರುಗಿಸುತ್ತಾ, ಉಳಿಯನ್ನು ಕಾಲ್ಬೆರಳುಗಳಿಂದ ಅದುಮಿ ಹಿಡಿದು, ಮಕ್ಕಳ ಅಡಿಗೆಯಾಟದ ಪುಟ್ಟ ಪಾತ್ರೆಗಳನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕೆಲಸ. ಹೆಂಗಸರು ಪರಗಂಡಸರ ಕಣ್ಣಿಗೆ ಬೀಳದ ಗೋಷಾದ ಮನೆ. ಬಾಗಿಲಿಗೆ ಗೋಣಿಯ ಪರದೆ. ನಾನು ಹೊರಗೆ ನಿಂತು ವಿಷಯ ಹೇಳಿದೆ. ಒಳಗೆ ದಾರದ ಸದ್ದು ನಿಂತಿತು.

"ಮೆಟ್ಟಿಲು ತೆಗೀತೀರಿ. ಆಮೇಲೆ ನಾವು ಎಲ್ಲಿಂದ ಬರೋದು?"

"ಬೀದಿಯಿಂದಲೇ ಬರಬಹುದಮ್ಮ. ಇಳಿಯೋ ಶ್ರಮವೇ ಇರೋದಿಲ್ಲ. ಹಗ್ಗ ಎಳೆದರಾಯಿತು."

"ಪೇಟೆ ಬೀದೀಲಿ ನಿಂತ್ಕೊಂಡಾ?"

ಅವಳು ಸಣ್ಣಗೆ ನಕ್ಕಳೆಂದು ನೆನಪು.

"ನೀರಲ್ಲಿರೋ ನಿಮ್ಮ ಹುಳ ಕಣ್ಣಿಗೆ ಕಾಣಲ್ಲ ಅಂತೀರಲ್ಲ ಮೇಷ್ಟ್ರೆ, ನಾವೂ ಕಣ್ಣಿಗೆ ಕಾಣಲ್ಲ. ಇಬ್ರುನ್ನೂ ಒಂದೇ ಸಲ ಓಡಿಸ್ತೀರಾ?"

ಈ ಮಾತು ದಿನಚರಿಯಲ್ಲಿ ಇಲ್ಲ. ಆದರೆ ಇಂಥ ಮಾತನ್ನು ಕಟ್ಟಿ ಹೇಳುವ ಶಕ್ತಿ ನನಗಿಲ್ಲ, ಆದ್ದರಿಂದ ಅವಳೇ ಆಡಿರಬೇಕು. ಓಣಿಯ ಉಳಿದ ಮನೆಗಳಲ್ಲಿ ಗಂಡನೋ ಮಗನೋ ಬೀದಿಗೆ ಹೋಗಿ ನೀರು ಸೇದಿ ತಂದಾರು. ಇವಳಿಗೆ ಆ ಮೆಟ್ಟಿಲು ಹೋದರೆ ನೀರೇ ಹೋದಂತೆ. ಅದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಅರ್ಥವಾಯಿತು. ಅರ್ಥವಾಗಲಿಲ್ಲ ಎನ್ನುವ ಸಬೂಬು ನನಗಿಲ್ಲ. ಕಿತ್ತ ಮೆಟ್ಟಿಲುಗಳ ಚಪ್ಪಡಿಗಳಿಂದಲೇ ಓಣಿಯ ಬಾಯಿಂದ ಬಾವಿಯವರೆಗೆ ಒಂದು ಮರೆಗೋಡೆ ಕಟ್ಟಿಸುತ್ತೇವೆ, ಆ ಬದಿಗೆ ಬೇರೆ ರಾಟೆ ಹಾಕಿಸುತ್ತೇವೆ, ಬೀದಿಗೆ ಏನೂ ಕಾಣುವುದಿಲ್ಲ ಎಂದು ಹೇಳಿದೆ.

"ನೀವು ಹೇಳ್ತಿದೀರಿ ಅಂತ ಒತ್ತೀನಿ" ಎಂದಳು. ಪರದೆಯ ಅಂಚಿನಿಂದ ಅರಗಿನ ಕೆಂಪು ಹತ್ತಿದ ಹೆಬ್ಬೆರಳೊಂದು ಹೊರಬಂತು. ನನ್ನ ಶಾಯಿಯ ಅಗತ್ಯವೇ ಬೀಳಲಿಲ್ಲ.

ಈಗ ಆ ಸಭೆಯ ವಿಷಯ. ನನ್ನ ನೆನಪಿನಲ್ಲಿ ಅದು ಹೀಗಿದೆ. ಶಾಲೆಯ ದೊಡ್ಡ ಕೊಠಡಿಯಲ್ಲಿ ಎಲ್ಲರೂ ಬೆಂಚುಗಳ ಮೇಲೆ ಕುಳಿತಿದ್ದಾರೆ. ನಾನು ಎದ್ದು ನಿಂತು ಮರೆಗೋಡೆಯ ಪ್ರಸ್ತಾಪ ಮಾಡುತ್ತೇನೆ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಬಾವಿಗೆ ಗಾಳಿ ಬೆಳಕು ಬೇಕು ಮೇಷ್ಟ್ರೆ, ಗೋಡೆ ಬೇಡ" ಎನ್ನುತ್ತಾರೆ. ನಾನು ಇನ್ನೊಮ್ಮೆ ಹೇಳುತ್ತೇನೆ. ಯಾರೂ ಬೆಂಬಲಿಸುವುದಿಲ್ಲ. ಕುಳಿತುಕೊಳ್ಳುತ್ತೇನೆ. ಈ ಚಿತ್ರ ಎಷ್ಟು ಚೊಕ್ಕಟವೆಂದರೆ, ಕನ್ನಡಕ ಒರೆಸಿದ ಅಂಗವಸ್ತ್ರದ ಅಂಚೂ ನನಗೆ ಕಾಣುತ್ತದೆ. ಇದನ್ನು ನನ್ನ ಹೆಂಡತಿಗೆ ಹೇಳಿದ್ದೇನೆ, ಸಹೋದ್ಯೋಗಿಗಳಿಗೆ ಹೇಳಿದ್ದೇನೆ, ಒಮ್ಮೆ ಒಂದು ಭಾಷಣದಲ್ಲಿಯೂ ಹೇಳಿದ್ದೇನೆ.

ನಡವಳಿಕೆಯ ಪುಸ್ತಕ ಬೇರೆ ಹೇಳುತ್ತದೆ. ಆ ದಿನದ ಸಭೆಗೆ ನಾನು ನಾಲ್ಕು ಪುಟ ಬರೆದಿದ್ದೇನೆ. ರಾಟೆ ಕಬ್ಬಿಣದ್ದೋ ಮರದ್ದೋ ಎಂಬ ಚರ್ಚೆ ಇದೆ. ಪಕ್ಕದ ಊರು ಕ್ಲೋಸ್‌ಪೇಟೆಯಿಂದ ರೈಲಿನಲ್ಲಿ ತರಿಸಬೇಕಾದ ಸಾಮಾನಿನ ಪಟ್ಟಿ ಇದೆ. ಹಗ್ಗ ಯಾರ ವಶದಲ್ಲಿರಬೇಕು ಎಂದು ಇಬ್ಬರು ವಕೀಲರು ಜಗಳವಾಡಿದ್ದನ್ನು ಮಾತಿಗೆ ಮಾತು ಬರೆದಿದ್ದೇನೆ. ಡಾಕ್ಟರು ತಡವಾಗಿ ಬಂದದ್ದೂ ಇದೆ. ಆಮೇಲೆ ಈ ಸಾಲು: "ಕಿತ್ತ ಚಪ್ಪಡಿಗಳನ್ನು ಬಾವಿಯ ಮುಂದೆ ಕಟ್ಟೆ ಕಟ್ಟಲು ಉಪಯೋಗಿಸುವುದು. ಸರ್ವಾನುಮತ." ಅದರ ಕೆಳಗೆ ಮುಂದಿನ ವಿಷಯ: ಕಟ್ಟೆಯಲ್ಲಿ ನಿಲ್ಲಿಸುವ ಶಾಸನದ ಒಕ್ಕಣೆ. ಅದನ್ನು ಕಾರ್ಯದರ್ಶಿ ರಚಿಸಿ ತಂದಿದ್ದು, ಸಭೆ ಮೆಚ್ಚಿಕೊಂಡಿತು.

ಮರೆಗೋಡೆ ಎಂಬ ಮಾತು ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ.

ಹಗ್ಗದ ಜಗಳವನ್ನು ಬಿಡದೆ ಬರೆದವನು, ತಾನೇ ಎದ್ದು ಎರಡು ಸಲ ವಾದಿಸಿದ್ದನ್ನು ಬಿಟ್ಟಿರುತ್ತೇನೆಯೇ? ಆಗಿನ ನನ್ನನ್ನು ನಾನು ಬಲ್ಲೆ. ಸೋತ ವಾದವನ್ನಾದರೂ ಅಂದವಾಗಿ ಬರೆದುಕೊಳ್ಳುತ್ತಿದ್ದೆ. ನನ್ನ ಜೇಬಿನಲ್ಲಿ ಶಾಸನದ ಒಕ್ಕಣೆ ಇತ್ತು. ಮೂರು ರಾತ್ರಿ ತಿದ್ದಿದ್ದು. ಚಪ್ಪಡಿಗಳ ವಿಷಯ ಬಂದಾಗ, ಅದು ಬೇಗ ಮುಗಿದು ನನ್ನ ಸರದಿ ಬರಲಿ ಎಂದು ಕಾದಿದ್ದೆನೇನೋ. "ಏನೋ" ಎಂಬುದನ್ನು ಈಗ ಹೊಡೆದುಹಾಕಬೇಕು. ಕಾದಿದ್ದೆ.

ಕೆಲಸ ಬಿರುಬಿಸಿಲಿನಲ್ಲಿ ಶುರುವಾಯಿತು. ನೀರು ತಳಕ್ಕೆ ಹೋಗಿತ್ತು. ಪೇಟೆಯ ಕಡೆಯ ಮೆಟ್ಟಿಲನ್ನು ಮೊದಲು ಕಿತ್ತೆವು. ಎರಡನೆಯ ಭಾನುವಾರ ಪಶ್ಚಿಮದ ಸಾಲಿಗೆ ಕೈಹಾಕಲು ತಿಮ್ಮೇಗೌಡ ಮುಂದೆ, ನಾನು ಹಿಂದೆ ಇಳಿದೆವು. ತಿರುವು ದಾಟಿದ ಮೇಲೆ ಬೀದಿಯ ಸದ್ದು ಒಮ್ಮೆಗೇ ಅಡಗಿತು. ಅಲ್ಲಿ ಒಂದು ಅಗಲವಾದ ಹಾಸು, ಎರಡು ಕಡೆ ಕೂರಲು ಕಲ್ಲು. ಗೋಡೆಯ ಗೂಡುಗಳಲ್ಲಿ ಸೀಗೆಪುಡಿಯ ಕರಟ, ಹಲ್ಲು ಮುರಿದ ಬಾಚಣಿಗೆ, ಮಗುವಿನ ಒಂದು ಗಿಲಕಿ. ಕೊಡ ಇಟ್ಟು ಇಟ್ಟು ಕಲ್ಲಿನಲ್ಲಿ ಗುಂಡಗೆ ತಗ್ಗುಬಿದ್ದಿತ್ತು. ಒಂದು ಚಪ್ಪಡಿಯ ಮೇಲೆ ಮಸಿಯಿಂದ ಚೌಕಾಬಾರದ ಮನೆಗಳನ್ನು ಬರೆದಿದ್ದರು. ಮೇಲೆ ಚೌಕಾಕಾರದ ಆಕಾಶ. ಯಾವ ಕಿಟಕಿಯಿಂದಲೂ ಇಲ್ಲಿ ಕುಳಿತವರು ಕಾಣುವಂತಿರಲಿಲ್ಲ.

ತಿಮ್ಮೇಗೌಡ ಹಾರೆಯನ್ನು ಗೋಡೆಗೆ ಒರಗಿಸಿದ.

"ಮೇಷ್ಟ್ರೆ, ಇದು ಬರೀ ಬಾವಿ ಅಲ್ಲ ಕಣ್ರೀ. ಹೆಂಗಸ್ರ ಜಗಲಿ. ಇಲ್ಲಿ ಕುಂತ್ಕಂಡು ನಗ್ತಿದ್ರು ಅಂತ ಕಾಣ್ತದೆ."

"ಹೌದು ಗೌಡ್ರೆ."

"ಇದ್ನ ಕೀಳ್ಲೇಬೇಕಾ?"

"ಹುಳದ ವಿಷಯ ಡಾಕ್ಟರು ಹೇಳಲಿಲ್ಲವೇ?"

"ಹುಳ ಸರಿ. ಇವ್ರು ಎಲ್ಲಿಗೋಯ್ತಾರೆ? ಅದ್ನ ಯಾರಾದ್ರೂ ಕೇಳಿದ್ರಾ?"

ಅವನಿಗೆ ಮರೆಗೋಡೆಯ ಮಾತು ಹೇಳಬಹುದಿತ್ತು. ಚಪ್ಪಡಿಗಳು ಇನ್ನೂ ಹಾಗೇ ಇದ್ದವು. ಕಟ್ಟೆಗೆ ಎಂದು ಹೊತ್ತೊಯ್ಯುವ ಬದಲು ಓಣಿಯ ಬಾಯಿಗೆ ಸಾಗಿಸಲು ಅವನೊಬ್ಬನೇ ಸಾಕಾಗಿತ್ತು. ಹೇಳಿದ್ದರೆ ಸಭೆಯಲ್ಲಿ ಸುಮ್ಮನಿದ್ದದ್ದನ್ನೂ ಹೇಳಬೇಕಾಗುತ್ತಿತ್ತು. "ಶುಕ್ರವಾರ ಬಾವಿ ತೆರೆಯೋಕೆ ತಾಲ್ಲೂಕಿನ ಅಮಲ್ದಾರರು ಬರ್ತಾರೆ ಗೌಡ್ರೆ, ಹೊತ್ತಾಗುತ್ತೆ" ಎಂದೆ. ಅವನು ನನ್ನ ಮುಖ ಒಮ್ಮೆ ನೋಡಿ, ಹಾರೆ ಎತ್ತಿಕೊಂಡ. ದಿನಚರಿಯಲ್ಲಿ ಅಂದು: "ಪಶ್ಚಿಮದ ಮೆಟ್ಟಿಲು ಮುಗಿಯಿತು. ಎಲ್ಲರಲ್ಲೂ ಉತ್ಸಾಹ."

ಗಾರೆಯವರು ಹಗಲೂ ರಾತ್ರಿ ದುಡಿದು ಕಟ್ಟೆ ಮುಗಿಸಿದರು. ಶುಕ್ರವಾರದ ಸಮಾರಂಭ ಚೆನ್ನಾಗಿಯೇ ನಡೆಯಿತು. ಮಾವಿನ ತೋರಣ, ಹಾರ, ಭಾಷಣ. ಅಮಲ್ದಾರರು ಮೊದಲ ಕೊಡ ಸೇದಿದರು. ಹೊಸ ಕಟ್ಟೆಯ ಮೇಲೆ ಕುಳಿತು ಶಾಸನವನ್ನು ಗಟ್ಟಿಯಾಗಿ ಓದಿ, "ಬರೆದವರು ಯಾರು?" ಎಂದು ಕೇಳಿದರು. ಆ ಪ್ರಶ್ನೆಯನ್ನು ದಿನಚರಿಯಲ್ಲಿ ಎರಡು ಕಡೆ ಬರೆದಿದ್ದೇನೆ.

ಕೆಲಸವೇ ತಪ್ಪಾಗಿತ್ತು ಎಂದು ನಾನು ಹೇಳಲಾರೆ. ಪೇಟೆಯ ಮನೆಗಳಲ್ಲಿ ಮರುವರ್ಷ ನಾರುಹುಣ್ಣು ಬಹಳ ಕಡಿಮೆಯಾಯಿತು. ಡಾಕ್ಟರ ವಾದ ನಿಜವಾಗಿತ್ತು. ಆದರೆ ಆ ಮಳೆಗಾಲದಿಂದ ಓಣಿಯ ಹೆಂಗಸರು ಬಾವಿಯ ಕಡೆ ಸುಳಿಯಲಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಅವರ ಗಂಡಸರು ಗೊಣಗಿಕೊಂಡು ಬಂದು ಸೇದುತ್ತಿದ್ದರು. "ಹೆಂಗಸ್ರ ಪಾಡು" ಎಂದು ರುಜು ಹಾಕಿದ ಮುದುಕನೇ ಒಂದು ಬೆಳಿಗ್ಗೆ ಬೆನ್ನು ಹಿಡಿದುಕೊಂಡು ನಿಂತು, "ಒಳ್ಳೆ ಸೇವೆ ಮಾಡಿದ್ರಿ ಮೇಷ್ಟ್ರೆ, ಈ ವಯಸ್ಸಲ್ಲಿ ನನ್ನನ್ನೇ ಮನೆ ಸೊಸೆ ಮಾಡಿಬಿಟ್ರಲ್ಲಾ" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮೆಹಬೂಬಿ ಏನು ಮಾಡುತ್ತಿದ್ದಾಳೆಂದು ನಾನು ವಿಚಾರಿಸಲಿಲ್ಲ. ಶಾಲೆಗೆ ಓಣಿಯ ಮುಂದಿನಿಂದ ಹೋಗುವ ದಾರಿ ಹತ್ತಿರದ್ದು. ಆ ವರ್ಷವೆಲ್ಲ ನಾನು ಸುತ್ತುದಾರಿ ಹಿಡಿದೆ. ಅದನ್ನು ಯಾರಾದರೂ ಕೇಳಿದ್ದರೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದೆ. ಕೆಲವರು ನೀರು ಕೊಟ್ಟಿರಬಹುದು. ದಿನಾ ಕೊಡುವವರು ಯಾರು? ಹೊತ್ತು ಹುಟ್ಟುವ ಮುಂಚೆ, ಬೀದಿಯಲ್ಲಿ ಜನವಿಲ್ಲದಾಗ, ಅವಳು ಓಣಿಯ ಹಿಂದಿನ ತೋಪು ದಾಟಿ ಒಂದು ಕುಂಟೆಗೆ ಹೋಗುತ್ತಿದ್ದಳೆಂದು ನನಗೆ ಗೊತ್ತಾದದ್ದು ಮರುಬೇಸಿಗೆಯಲ್ಲಿ. ದನ ಇಳಿಯುವ ಕುಂಟೆ. ಸಂತೆಗೆ ಬಂದು ಮೊದಲು ಬಾವಿಗೆ ಇಳಿಯುತ್ತಿದ್ದ ಹಳ್ಳಿಯವರು ಈಗ ಕಾಲು ತೊಳೆಯುತ್ತಿದ್ದುದೂ ಅಲ್ಲೇ.

ಹೇಳಿದವನು ತಿಮ್ಮೇಗೌಡ. ಒಂದು ಮಧ್ಯಾಹ್ನ ಶಾಲೆಯ ಬಾಗಿಲಿಗೇ ಬಂದ.

"ಆ ಬೊಂಬೆ ಮಾಡೋ ಬೀಬಮ್ಮನ ಕಾಲಾಗೆ ನಾರುಹುಣ್ಣು ಎದ್ದೈತೆ ಮೇಷ್ಟ್ರೆ. ಬಲಗಾಲು. ಡಾಕ್ಟ್ರ ಮುಂದೆ ಕಾಲು ಚಾಚಕ್ಕೆ ನಾಚ್ಕಂಡು ಯಾರ್ದೋ ಮಾತ್ ಕೇಳಿ ಹುಳಾನ ಎಳೆದ್ಬುಟ್ಟವ್ಳೆ. ತುಂಡಾಗೋಯ್ತಂತೆ."

ಬಲಗಾಲು ಎಂದರೆ ಉಳಿ ಹಿಡಿಯುವ ಕಾಲು. ಅದನ್ನು ಅವನು ಹೇಳಬೇಕಾಗಿರಲಿಲ್ಲ.

"ನಾನು ದಿನಾ ಎರಡು ಕೊಡ ಬಾವಿ ನೀರು ಹೊತ್ತಾಕ್ತಾ ಇವ್ನಿ. ಜನ ಆಡ್ಕತಾರೆ, ಗೌಡ ಸಾಬರ ಓಣಿ ನೀರ್‌ಗಂಟಿ ಆಗವ್ನೆ ಅಂತ. ಆಡ್ಕಳ್ಲಿ. ಕಬ್ಬಾಳಮ್ಮನಾಣೆ, ಆ ಕಲ್ಲು ಕಿತ್ತಿದ್ದು ಇದೇ ಕೈ ಅಲ್ವಾ?" ಎಂದು ಕೈ ತೋರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ನೀವೂ ಒಂದ್ಸಲ ಹೋಗ್ಬನ್ನಿ. ನಿಮ್ಮ ಬಗ್ಗೆ ಒಳ್ಳೇ ಮಾತೇ ಆಡ್ತದೆ ಆಯಮ್ಮ" ಎಂದ.

ನಾನು ಹೋಗಲಿಲ್ಲ. ಡಾಕ್ಟರಿಗೆ ಹೇಳಿದೆ, ಅವರು ದಾದಿಯೊಬ್ಬಳನ್ನು ಕಳಿಸಿದರು. ಅಷ್ಟರಿಂದ ಮನಸ್ಸು ಹಗುರವಾಯಿತೆಂದು ದಿನಚರಿ ಹೇಳುತ್ತದೆ. ಮಳೆ ಬಿದ್ದ ಹೊತ್ತಿಗೆ ಮಾಗಡಿಗೆ ವರ್ಗವಾದ ಹುಕುಂ ಬಂತು. ಊರು ಬಿಡುವ ಹಿಂದಿನ ದಿನ, ಎಲ್ಲರಿಗೂ ಹೇಳಿ ಬಂದ ಮೇಲೆ ಉಳಿದದ್ದು ಅದೊಂದೇ ಮನೆ. ಹೋದೆ.

ಓಣಿಯ ಉಳಿದ ಮನೆಗಳಲ್ಲಿ ಮರ ಕಡೆಯುವ ಸದ್ದಿತ್ತು. ಅವಳ ಮನೆಯಲ್ಲಿ ಇರಲಿಲ್ಲ. ಪರದೆಯ ಇತ್ತ ಕಡೆಗೆ ದೊಡ್ಡ ಮಗಳು ಒಂದು ಮಣೆ ತಂದಿಟ್ಟಳು. ಕೂರಲಿಲ್ಲ.

"ಕಾಲು ಹೇಗಿದೆಯಮ್ಮ?"

"ಮಡಚೋಕಾಗಲ್ಲ ಮೇಷ್ಟ್ರೆ. ಬೆರಳಲ್ಲಿ ಹಿಡಿತ ಹೋಯ್ತು. ಬೇರೆಯವರು ಕಡೆದಿದ್ದಕ್ಕೆ ಬಣ್ಣ ಹಾಕಿ ಕೊಡ್ತೀನಿ. ಮೊದಲು ನನ್ನ ಸಾಮಾನು ಅಂತ ಇತ್ತು." ಆಮೇಲೆ, "ನೀವು ಬರ್ತೀರ ಅಂದ್ಕೊಂಡಿದ್ದೆ" ಎಂದಳು.

ನನ್ನ ಬಾಯಿಗೆ ಮಾತು ಬಂದಿತ್ತು. ಗೋಡೆಯ ವಿಷಯ ನಾನು ಎತ್ತಲೇ ಇಲ್ಲ ಎಂಬ ಮಾತು. ಅದನ್ನು ಹೇಳಲೆಂದೇ ಹೋಗಿದ್ದೆ ಎಂದು ಬರೆಯುವ ಆಸೆಯಾಗುತ್ತಿದೆ. ನಿಜವೋ ಅಲ್ಲವೋ ತಿಳಿಯದು. ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ಗೋಡೆ ಕಟ್ಟಲಿಲ್ಲ ಅಂತ ಮುಖ ತಪ್ಪಿಸ್ಕೊಂಡು ತಿರುಗ್ತಿದ್ರಿ, ನಂಗೊತ್ತು. ಪಾಪ, ನೀವು ಹೇಳಿರ್ತೀರಿ. ಅಷ್ಟು ದೊಡ್ಡೋರ ಮುಂದೆ ಮೇಷ್ಟ್ರ ಮಾತು ನಡೀತೈತಾ? ಆ ಡಾಕ್ಟ್ರು ಗಾಳಿ ಬೆಳಕು ಬೇಕು, ಗೋಡೆ ಬೇಡ ಅಂದಿರ್ತಾರೆ. ಅವ್ರು ಎಲ್ಲಾದಕ್ಕೂ ಗಾಳಿ ಬೆಳಕು ಅಂತಾರೆ. ಅಲ್ವಾ?"

ಅವಳ ಈ ಮಾತು ಅಂದಿನ ದಿನಚರಿಯಲ್ಲಿ ಹಾಗೇ ಇದೆ. ಇಷ್ಟು ವರ್ಷ ನಾನು ಸಭೆಯಲ್ಲಿ ಕೇಳಿದೆನೆಂದು ನಂಬಿದ್ದ ಮಾತು ಇದು. ಆಡಿದವರು ಡಾಕ್ಟರಲ್ಲ. ನನ್ನ ಮೇಲೆ ಮುನಿಯಲು ಮನಸ್ಸಿಲ್ಲದ ಒಬ್ಬ ಹೆಂಗಸು ಗೋಣಿಯ ಪರದೆಯ ಹಿಂದೆ ಕುಳಿತು ಅದನ್ನು ನನಗಾಗಿ ಹೊಲಿದು ಕೊಟ್ಟಳು. ನಾನು ತೊಟ್ಟುಕೊಂಡೆ.

"ಹೌದಮ್ಮ," ಎಂದೆ. "ಹಾಗೇ ಅಂದರು."

"ನಾನ್ ಹಂಗೇ ಅಂದ್ಕೊಂಡೆ" ಎಂದಳು. ದನಿಯಲ್ಲಿ ಒಂದು ನೆಮ್ಮದಿ ಇತ್ತು. "ಹೋಗ್ಬನ್ನಿ ಮೇಷ್ಟ್ರೆ. ಮಾಗಡಿ ಕಡೆ ನೀರು ಚೆನ್ನಾಗೈತಂತೆ. ಆರಾಮಾಗಿರಿ."